ಸರ್ಕ್ಯೂಟು ಬಿಡಿಸುವ ಖೌಲಾ ಚಿಕ್ಕಮ್ಮ

ಮೋಸುಲ್‌ನ ನಮ್ಮ ಪಾಲಿಟೆಕ್ನಿಕ್ ತರಗತಿಯಲ್ಲಿ ತಲೆ ನರೆತ ವಿದ್ಯಾರ್ಥಿನಿಯೆಂದರೆ, ನಾವೆಲ್ಲ ಚಿಕ್ಕಮ್ಮ ಎಂದು ಕರೆಯುವ ಖೌಲಾ ಒಬ್ಬರೇ. ಸರ್ಕ್ಯೂಟಿನ ಲೆಕ್ಕವನ್ನು ಹಂತಹಂತವಾಗಿ ಬಿಡಿಸಿ ತೋರಿಸುವ ವೆಬ್‌ಸೈಟು ನಮಗೆಲ್ಲ ಕಾಪಿ ಹೊಡೆಯಲು ಅನುಕೂಲವಾದರೆ, ಅವರಿಗೆ ಅದು ಎದುರಾಳಿ. ಫೋನಿನ ಪರದೆಯನ್ನು ಅಂಗೈಯಿಂದ ಮುಚ್ಚಿ, ಮುಂದಿನ ಹಂತವನ್ನು ತಾವೇ ಬರೆದು, ಆಮೇಲಷ್ಟೇ ಕೈ ಸರಿಸುತ್ತಿದ್ದರು. ಉತ್ತರ ತಾಳೆಯಾದರೆ, "ನೋಡು, ನನ್ನದನ್ನೇ ನೋಡ್ಕೊಂಡು ಬರ್ದಿದೆ" ಎಂದು ಫೋನನ್ನೇ ಅಣಕಿಸುವರು. ತಪ್ಪಿದರೆ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಬೀಳುವುದು. ಒಲೆಯ ಮೇಲೆ ಕುಬ್ಬಾ ಕಡುಬು ಬೇಯುವಾಗಲೂ, ಮದುವೆಮನೆಯ ಗದ್ದಲದಲ್ಲೂ ಇದೇ ಕಥೆ. "ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಕರೆಂಟಿನ ಸಹವಾಸ ಯಾಕೆ ಚಿಕ್ಕಮ್ಮಾ?" ಎಂದು ನಾವು ಕೆಣಕಿದರೆ, "ಕರೆಂಟು ಹೇಳಿದ ಮಾತು ಕೇಳುತ್ತೆ ಕಣ್ರೋ, ನಿಮ್ಮ ಹಾಗಲ್ಲ" ಎನ್ನುವರು. ಮೌಖಿಕ ಪರೀಕ್ಷೆಯ ದಿನ ನಾವೆಲ್ಲ ತಡವರಿಸಿದ ಸರ್ಕ್ಯೂಟನ್ನು ಅವರು ಫೋನಿಲ್ಲದೆ ಬೋರ್ಡಿನ ಮೇಲೆ ಬಿಡಿಸಿಟ್ಟರು. ಪರೀಕ್ಷೆ ನಡೆಸುತ್ತಿದ್ದ ಬಿಗುಮುಖದ ರಬಾಬ್ ಮೇಡಂ ನಮ್ಮತ್ತ ತಿರುಗಿ, "ಯುದ್ಧಕ್ಕೆ ಮುಂಚೆ ಇದೇ ಕಾಲೇಜಲ್ಲಿ ನಾವಿಬ್ರೂ ಒಂದೇ ಬೆಂಚು. ತಮ್ಮಂದಿರನ್ನ ಸಾಕೋಕೆ ಇವಳು ಓದು ಬಿಟ್ಟಳು. ನನಗೆ ಸರ್ಕ್ಯೂಟು ಹೇಳಿಕೊಟ್ಟೋಳು ಇವಳೇ" ಎಂದರು. ನಮ್ಮ ಎದೆಯೆಲ್ಲ ಉಬ್ಬಿತು. ಚಿಕ್ಕಮ್ಮ ಸೀಮೆಸುಣ್ಣದ ಕೈ ಕೊಡವಿಕೊಂಡು, "ಅಂಕ ಹಾಕಿ ಮೇಡಂ, ಹಿಂದೆ ಹುಡುಗರು ಕಾಯ್ತಿದಾರೆ" ಎಂದರು.