ಮುದ್ದೆ ಅಂದ್ಕೊಂಡು ನುಂಗಿದ್ದು

ಗಂಟಲಲ್ಲಿ ತುತ್ತು ಸಿಕ್ಕಿಕೊಂಡವನು ಕೂಗುವುದಿಲ್ಲ. ಕೈಕಾಲು ಬಡಿಯುವುದಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ತಟ್ಟೆ ಲೋಟ ಉರುಳಿಸುವುದಿಲ್ಲ. ಸುಮ್ಮನೆ ಎದ್ದು ಹೋಗುತ್ತಾನೆ.

ಇದು ನನಗೆ ಗೊತ್ತಾಗಿದ್ದು ಹೋದ ತಿಂಗಳು, ದೆಹಲಿಯಲ್ಲಿ, ಮಟಮಟ ಮಧ್ಯಾಹ್ನ. ಎದ್ದು ಹೋದವನು ನನ್ನ ಒಡಹುಟ್ಟಿದ ತಮ್ಮ.

ಮೊದಲಿಂದ ಹೇಳ್ತೀನಿ. ತಮ್ಮ ಕೆಂಪರಾಜು ಚನ್ನಪಟ್ಟಣದಲ್ಲಿ ಬೊಂಬೆ ಮಾಡ್ತಾನೆ. ಮನೆ ಹಿಂದೆ ಶೆಡ್ಡು, ಶೆಡ್ಡಿನಲ್ಲಿ ಮರ ಕಡೆಯೋ ಲೇತು, ಮೈತುಂಬ ಮರದ ಪುಡಿ. (ಊಟಕ್ಕೆ ಕೂತಾಗಲೂ ರೆಪ್ಪೆ ಮೇಲೆ ಪುಡಿ ಇರುತ್ತೆ.) ದೆಹಲಿಯ ಆಟಿಕೆ ಮೇಳದಲ್ಲಿ ಅವನಿಗೊಂದು ಸ್ಟಾಲ್ ಸಿಕ್ತು. ಅವನಿಗೆ ಹಿಂದಿ ಬರಲ್ಲ. ನನಗೆ ಬರುತ್ತೆ ಅನ್ನೋ ತಪ್ಪು ಕಲ್ಪನೆ ನಮ್ಮ ಮನೆಯವರಿಗೆಲ್ಲ ಇದೆ. ಹಾಗಾಗಿ ನಾನೂ ಹೊರಟೆ.

ಹೊರಡುವಾಗ ಅವನ ಹೆಂಡತಿ ಸುಮಾ ನನ್ನ ಕೈ ಹಿಡ್ಕೊಂಡು, "ಅತ್ಗೆ, ಅವ್ರು ಬಾಯ್ಬುಟ್ಟು ಏನೂ ಕೇಳಾಕಿಲ್ಲ. ನೀವೇ ಒಸಿ ನೋಡ್ಕಳಿ" ಅಂದಳು.

ನಲವತ್ತು ದಾಟಿದ ಗಂಡಸನ್ನ ನೋಡ್ಕೊಳ್ಳೋದೇನು ಬಂತು ಅಂತ ನಕ್ಕುಬಿಟ್ಟೆ.

ಸ್ಟಾಲಿನಲ್ಲಿ ರಾಜು ಹುಲಿ. ಅಲ್ಲಿ ಅವನಿಗೆ ಹಿಂದಿಯೂ ಬೇಕಾಗಲಿಲ್ಲ, ನಾನೂ ಬೇಕಾಗಲಿಲ್ಲ. ಅವನ ಹತ್ರ ಒಂದು ಚಿಕ್ಕ ಪ್ಲಾಸ್ಟಿಕ್ ಕೊಳವೆ ಇದೆ. ಎಳೆ ಮಗುವಿನ ಗಂಟಲ ಅಳತೆಯದ್ದು. ಬೊಂಬೆಯ ಯಾವ ಭಾಗವೂ ಅದರೊಳಗೆ ಪೂರ್ತಿ ಇಳಿಯಬಾರದು. ಇಳಿದರೆ ಮಗು ನುಂಗಿಬಿಡಬಹುದು ಅಂತ ಅರ್ಥ. ಬಂದವರ ಮುಂದೆಲ್ಲ ಗಿಲಕಿ, ಚಕ್ರ, ಕುದುರೆ ಒಂದೊಂದನ್ನೇ ಆ ಕೊಳವೆ ಬಾಯಿಗಿಟ್ಟು, "ನೋ ಗೋ! ಬೇಬಿ ಸೇಫ್!" ಅಂತ ಕೂಗೋನು. ಬೇರೆಯವರ ಮಕ್ಕಳ ಗಂಟಲಿನ ಮೇಲೆ ಅಷ್ಟೊಂದು ಕಾಳಜಿ!

ಸ್ಟಾಲ್ ಬಿಟ್ಟು ಹೊರಗೆ ಬಂದರೆ ಮಾತ್ರ ಬೇರೆಯೇ ಮನುಷ್ಯ.

ಒಂದು ದಿನ ಬಿಡುವು ಮಾಡಿಕೊಂಡು ಊರು ನೋಡೋಕೆ ಹೋದ್ವಿ. ಕೆಂಪು ಕೋಟೆ, ಚಾಂದನಿ ಚೌಕ, ಇಂಡಿಯಾ ಗೇಟ್, ಎಲ್ಲ ಒಂದೇ ಉಸಿರಿನಲ್ಲಿ. (ದೆಹಲಿಯನ್ನ ನೋಡಿದ್ವಿ ಅನ್ನೋದಕ್ಕಿಂತ ನುಂಗಿದ್ವಿ ಅನ್ನಿ.) ರಾಜು ಮೇಳಕ್ಕೇ ಅಂತ ಕೊಂಡ ಹೊಸ ಶೂ ಹಾಕಿದ್ದ. ಕೋಟೆಯೊಳಗೆ ಯಾಕೋ ಹಿಂದೆ ಬೀಳ್ತಿದ್ದ.

"ಏನ್ಲಾ?"

"ಏನಿಲ್ಲ, ನಡಿಯಕ್ಕ."

ಸಂಜೆ ರೂಮಿನಲ್ಲಿ ಶೂ ಬಿಚ್ಚಿದರೆ ಹಿಮ್ಮಡಿ ಕಿತ್ತು ಬಂದಿದೆ, ಸಾಕ್ಸೆಲ್ಲ ರಕ್ತ. ನನಗೆ ಪಿತ್ತ ನೆತ್ತಿಗೇರಿತು.

"ಬಾಯಿಲ್ವೇನ್ಲಾ ನಿಂಗೆ? ಒಂದ್ ಮಾತು ಹೇಳಿದ್ರೆ ಎಲ್ಲಾದ್ರೂ ಕೂತ್ಕತಿದ್ವಲ್ಲ?"

"ಎಲ್ರೂ ನಡೀತಾವ್ರೆ. ನಾನೊಬ್ಬ ಶೂ ಬಿಚ್ಕಂಡು ಕೂತ್ಕಂಡ್ರೆ ನೋಡ್ದೋರು ಏನಂದ್ಕಂಡಾರು?"

ಯಾರು ಆ ನೋಡ್ದೋರು? ಆ ಊರಲ್ಲಿ ನಮ್ಮನ್ನ ನೋಡೋಕೆ ಯಾರಿಗೆ ಪುರುಸೊತ್ತಿತ್ತು?

ಊಟದ್ದೂ ಇದೇ ಕಥೆ. ಚಾಂದನಿ ಚೌಕದಲ್ಲಿ ಪರಾಠಾ ಜೊತೆ ಕೊಟ್ಟ ಮೆಣಸಿನಕಾಯಿ ಉಪ್ಪಿನಕಾಯಿ ಕಚ್ಚಿದ. ಕಣ್ಣಲ್ಲಿ ದಳದಳ ನೀರು, ಮುಖದ ಮೇಲೆ ನಗು. ಒಂದು ಲೋಟ ನೀರು ಕೇಳೋಕೆ ಸಂಕೋಚ! ರಾತ್ರಿ ನನ್ನ ಹತ್ರ ಮಾತ್ರ ಗೋಳು: "ರೊಟ್ಟಿ ಅಗ್ದೂ ಅಗ್ದೂ ದವಡೆ ಬಿದ್ದೋಯ್ತು ಕಣಕ್ಕ. ಒಂದ್ ಮುದ್ದೆ ಸಿಕ್ಕಿದ್ರೆ ಜೀವ ಬರೋದು."

ಕೊನೆಯ ದಿನ ದೊಡ್ಡ ಆಟಿಕೆ ಅಂಗಡಿಯ ಮೇಡಮ್ ಒಬ್ಬರು ರಾಜುವಿನ ಬೊಂಬೆಗಳನ್ನ ಮೆಚ್ಚಿ, ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. ಮಾಲ್ ಒಳಗಿನ ಜಪಾನಿ ಹೋಟೆಲು. ಬೆಳಕು ಮಬ್ಬು, ಮಾತು ಮೆಲ್ಲಗೆ, ತಟ್ಟೆ ದೊಡ್ಡದು, ತಿನ್ನೋದು ಚಿಕ್ಕದು. ರಾಜು ಚಮಚದ ಬದಲು ಕೊಟ್ಟ ಕಡ್ಡಿಗಳನ್ನ ಹಿಡ್ಕೊಂಡು ಬೆವರುತ್ತಿದ್ದ. ಕೊನೆಗೆ ಸಿಹಿ ಬಂತು. ಅಕ್ಕಿ ಹಿಟ್ಟಿನ ಉಂಡೆ, ಮೋಚಿ ಅಂತೆ ಅದರ ಹೆಸರು. ದುಂಡಗೆ, ಮೆತ್ತಗೆ. ಕೈಯಲ್ಲೇ ತಿನ್ನಿ ಅಂದರು ಮೇಡಮ್.

ತಮ್ಮನ ಮುಖ ಅರಳಿಬಿಡ್ತು. ನನ್ನ ಕಿವಿ ಹತ್ರ ಬಾಗಿ, "ಮುದ್ದೆ ಇದ್ದಂಗೇ ಐತೆ ಕಣಕ್ಕ" ಅಂದ.

ಈಗ ನೀವೇ ಹೇಳಿ. ನಮ್ಮ ಕಡೆ ಮುದ್ದೆಯನ್ನ ಯಾರಾದ್ರೂ ಅಗೀತಾರಾ? ಹೊಸಬರು ಅಗಿದರೆ ಕೂತು ನಗೋ ಜನ ನಾವು. ಮುರಿ, ಅದ್ದು, ನುಂಗು. ಹಲ್ಲಿಗೆ ಅಲ್ಲಿ ಕೆಲಸವೇ ಇಲ್ಲ. ಆದರೆ ಸಾರಲ್ಲಿ ಅದ್ದಿದ ಮುದ್ದೆ ಜಾರುತ್ತೆ. ಈ ಉಂಡೆ ಅಂಟುತ್ತೆ.

ರಾಜು ಅರ್ಧ ಮುರಿದ. ನುಂಗಿದ.

ಮೇಡಮ್ ಏನೋ ಹೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ರಾಜು ನಗುತ್ತಿದ್ದ. ಅಂದರೆ, ನಗು ಮುಖದ ಮೇಲೆ ಹಾಗೇ ಉಳಿದಿತ್ತು. ಸದ್ದಾಗದ ಹಾಗೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದ. ಒಂದು ನಿಮಿಷ ಅಂತ ಬೆರಳಲ್ಲಿ ಸನ್ನೆ ಮಾಡಿ ಹೋದ. ಕೈ ತೊಳೆಯೋಕೆ ಅಂದ್ಕೊಂಡೆ.

ಆದರೆ ಬೆಳಗ್ಗೆಯಿಂದ ಕುಂಟುತ್ತಿದ್ದವನು ಈಗ ಕುಂಟುತ್ತಿರಲಿಲ್ಲ. ದಡದಡ ನಡೀತಿದ್ದ. ಕಾಲು ನೋವೇ ಮರೆತುಹೋಗುವಂಥದ್ದು ಏನಾಯ್ತು ಇವನಿಗೆ? ಎದ್ದು ಹಿಂದೆ ಹೋದೆ.

ಟಾಯ್ಲೆಟ್ಟಿನ ಬಾಗಿಲ ಮೇಲೆ ಟೋಪಿ ಹಾಕಿದ ಗಂಡು ಬೊಂಬೆಯ ಚಿತ್ರ. ನಿಂತುಬಿಟ್ಟೆ.

"ರಾಜೂ..." ಮೆಲ್ಲಗೆ ಕರೆದೆ. ನೋಡಿ, ಮೆಲ್ಲಗೆ! ಒಳಗೆ ನಲ್ಲಿ ಭರ್ರೋ ಅಂತ ಸುರಿಯುವ ಸದ್ದು. ವಯಸ್ಸಾದ ಹೆಂಗಸು ನಾನು, ಗಂಡಸರ ಟಾಯ್ಲೆಟ್ಟಿಗೆ ನುಗ್ಗೋದಾ? ಅಲ್ಲಿ ವೇಟರ್ ನೋಡ್ತಿದ್ದಾನೆ. ಮೇಡಮ್ ಏನಂದ್ಕೊಂಡಾರು? ಅಷ್ಟು ಹೊತ್ತಿಗೆ ಸುಮಾ ಹೇಳಿದ್ದು ನೆನಪಾಯ್ತು. ಅವ್ರು ಬಾಯ್ಬುಟ್ಟು ಏನೂ ಕೇಳಾಕಿಲ್ಲ.

ತಳ್ಳಿದೆ ಬಾಗಿಲು.

ರಾಜು ಎರಡೂ ಕೈಯಲ್ಲಿ ಬೇಸಿನ್ ಹಿಡಿದು ಬಾಗಿದ್ದ. ಬಾಯಿ ತೆರೆದಿದೆ, ಸದ್ದಿಲ್ಲ. ತುಟಿ ನೀಲಿಗಟ್ಟಿದೆ. ಒಳಗಿದ್ದ ಇನ್ಯಾರೋ ಗಂಡಸು "ಮೇಡಮ್! ಮೇಡಮ್!" ಅಂತ ಗಾಬರಿಯಿಂದ ಗೋಡೆ ಕಡೆ ತಿರುಗಿಕೊಂಡ. ರಾಜು ಕನ್ನಡಿಯಲ್ಲಿ ನನ್ನನ್ನ ನೋಡಿದ. ಒಂದು ಕೈ ಎತ್ತಿದ.

ಆಚೆ ಹೋಗು ಅಂತ ಸನ್ನೆ ಮಾಡಿದ! ಉಸಿರು ನಿಂತ ಮನುಷ್ಯ ನನ್ನನ್ನ ಆಚೆ ಹೋಗು ಅಂದ!

ಅವನ ಎದೆಗೆ ಕೈ ಕೊಟ್ಟು ಮುಂದಕ್ಕೆ ಬಗ್ಗಿಸಿ ಬೆನ್ನ ಮಧ್ಯಕ್ಕೆ ಗುದ್ದಿದೆ. ಏನೂ ಆಗಲಿಲ್ಲ. ಮತ್ತೆ ಗುದ್ದಿದೆ. ಅವನ ಮೊಣಕಾಲು ಕುಸೀತಿತ್ತು. "ಲೇ ರಾಜು, ಉಗಿಯೋ! ಉಗಿಯೋ ಲೇ!" ಅಂತ ಕಿರುಚಿದೆ. ಇಡೀ ಮಾಲಿಗೆ ಕೇಳಿಸಿರಬೇಕು. ಗುದ್ದಿದ ಹೊಡೆತಕ್ಕೆ ಬಳೆಗಳು ಒಡೆದು ಚೆಲ್ಲಿದವು. ದೇವರೇ, ಸುಮಾಗೆ ಏನಂತ ಹೇಳಲಿ ಅಂದ್ಕೊಂಡು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಇನ್ನೊಂದು ಗುದ್ದಿದೆ.

ಬಿಳೀ ಮುದ್ದೆ ಬೇಸಿನ್ನಿಗೆ ಬಿತ್ತು. ಹಾಆಆ ಅಂತ ಉಸಿರು ಎಳೆದ. ಅಂಥ ಸದ್ದನ್ನ ನಾನು ಹಿಂದೆಂದೂ ಕೇಳಿಲ್ಲ.

ಅದೇ ಒದ್ದೆ ನೆಲದ ಮೇಲೆ ಕೂತು ಹೋ ಅಂತ ಅತ್ತುಬಿಟ್ಟೆ. ಅವನು ಮುಖ ತೊಳ್ಕೊಂಡ, ಕೆಮ್ಮಿದ, ಬಾಗಿಲ ಕಡೆ ತಿರುಗಿ ನೋಡಿದ. ಸತ್ತು ಬದುಕಿದ ನನ್ನ ತಮ್ಮ ಆಡಿದ ಮೊದಲ ಮಾತು ಇದು:

"ಯಾರೂ ನೋಡ್ಲಿಲ್ಲ ತಾನೇ?"

ಮೇಜಿಗೆ ವಾಪಸ್ ಹೋದ್ವಿ. ಎಲ್ಲ ಸರಿಯಾಗಿದೆಯಾ ಅಂತ ಮೇಡಮ್ ಕೇಳಿದರು. "ಫಸ್ಟ್ ಕ್ಲಾಸ್ ಮೇಡಮ್" ಅಂದ, ಒಡಕು ದನಿಯಲ್ಲಿ. ನಾನು ಒಡೆದ ಬಳೆಯ ಕೈಯನ್ನ ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ. (ನಾನೂ ಅದೇ ಮನೆಯವಳಲ್ಲವೇ?)

ವಾಪಸ್ ಬರುವಾಗ ಟ್ರೈನಿನಲ್ಲಿ ಕೇಳಿದೆ, "ಆ ನಲ್ಲಿ ಯಾಕ್ಲಾ ಅಷ್ಟು ಜೋರಾಗಿ ಬುಟ್ಟಿದ್ದೆ? ನೀರು ಕುಡಿಯೋಕಾ?"

ಕಿಟಕಿ ಕಡೆ ಮುಖ ತಿರುಗಿಸಿದ. "ಇಲ್ಲಕ್ಕ. ನನ್ನ ಸದ್ದು ಆಚೆಗೆ ಕೇಳ್ದೆ ಇರ್ಲಿ ಅಂತ."

ಊರು ಬರುವವರೆಗೂ ಆ ಮಾತು ನನ್ನ ಎದೆಯ ಮೇಲೆ ಕೂತಿತ್ತು. ಅವನೊಬ್ಬನೇ ಏನಲ್ಲ. ಎದೆ ನೋವು ಬಂದರೆ ನೆಂಟರು ಹೋಗಲಿ ಅಂತ ಕಾಯೋರಿದ್ದಾರೆ. ಬಸ್ಸಿನಲ್ಲಿ ತಲೆ ಸುತ್ತಿದರೆ ಪಕ್ಕದವರಿಗೆ ಹೇಳದೆ ಕಂಬಿ ಹಿಡಿದು ನಿಲ್ಲೋ ಹೆಂಗಸರಿದ್ದಾರೆ. ಇದಕ್ಕೆಲ್ಲ ಮರ್ಯಾದೆ ಅಂತ ಹೆಸರಿಟ್ಟುಕೊಂಡಿದ್ದೀವಿ. ನಿಮ್ಮ ಮನೆಯಲ್ಲಿ ಒಬ್ಬರಾದರೂ ಇಲ್ಲವಾ, ಎದೆ ಮುಟ್ಟಿಕೊಂಡು ಹೇಳಿ.

ಚನ್ನಪಟ್ಟಣದಲ್ಲಿ ಇಳಿಯುವ ಮೊದಲು ರಾಜು ನನ್ನ ಕೈಲಿ ಆಣೆ ಮಾಡಿಸಿಕೊಂಡ. ಸುಮಾಗೆ ಹೇಳಬಾರದು, ಯಾರಿಗೂ ಹೇಳಬಾರದು. ಹೇಳಿಲ್ಲ, ನಮ್ಮ ಜಿಲ್ಲೆಯ ಪೇಪರಿಗೆ ಬರೆದಿದ್ದೀನಿ ಅಷ್ಟೆ.

ರಾಮನಗರದಿಂದ ಮಾಗಡಿವರೆಗೂ ಈಗ ಎಲ್ಲರೂ ನೋಡಿದರು ಕಣ್ಲಾ ರಾಜು, ಏನಾಯ್ತೀಗ?