ಬಜೆ ತೇದ ಜೇನು

ಶೈಲಾ, ಅವತ್ತು ಡಾಕ್ಟರ ಮುಂದೆ ನಾನು ಹೇಳಿದ್ದು ಸುಳ್ಳು. ನಿನ್ನ ಕೂಸಿಗೆ ನಾನು ಜೇನು ನೆಕ್ಕಿಸುತ್ತಿದ್ದೆ.

ಅಮ್ಮ ಇರಲಿಲ್ಲವಲ್ಲ, ನಿನ್ನ ಬಾಣಂತನ ಮೇಗುಂದದಲ್ಲಿ ಈ ಅಕ್ಕನ ಮನೆಯಲ್ಲೇ ಆಯಿತು. ಕೂಸಿನ ತೂಕ ಏರಲಿಲ್ಲವೆಂದು ನೀನು ಆಮೇಲೂ ಇಲ್ಲೇ ಉಳಿದೆ. ದಿನಾ ಕೂಸನ್ನು ಮೀಯಿಸಿ, ಬಜೆ ತೇದು, ಕೆರೆಕಟ್ಟೆ ಊರಿನ ಕಡೆಯಿಂದ ತರಿಸಿದ ಕಾಡುಜೇನಿನಲ್ಲಿ ಕಲಸಿ ನಾಲಿಗೆಗೆ ಹಚ್ಚುತ್ತಿದ್ದೆ. ನನ್ನ ಮಕ್ಕಳೂ ಅದನ್ನೇ ನೆಕ್ಕಿ ಬೆಳೆದವು. ನಿನ್ನ ಕೂಸು ಮಾತ್ರ ನನ್ನ ಬೆರಳು ಕಂಡರೆ ಮೂತಿ ತಿರುಗಿಸುತ್ತಿತ್ತು. 'ಎಂತ ಹಟ ಮಾರಾಯ್ತಿ ನಿಂದು' ಎಂದು ನಗುತ್ತಾ ಗಲ್ಲ ಒತ್ತಿ ಬಾಯಿ ತೆರೆಸುತ್ತಿದ್ದೆ.

ಆಮೇಲೆ ವಾಂತಿ, ಹಳದಿ ಕಣ್ಣು, ಉಬ್ಬಿದ ಹೊಟ್ಟೆ. ಅಂಟುರೋಗವಿರಬಹುದೆಂದು ರಕ್ತ ಪರೀಕ್ಷೆ ಮಾಡಿದರು, ಏನೂ ಸಿಗಲಿಲ್ಲ. ಆಗ ಕೊಪ್ಪಕ್ಕೆ ಬರುತ್ತಿದ್ದ ಆ ಲೇಡಿ ಡಾಕ್ಟರ್ — ಮಕ್ಕಳ ಅಪರೂಪದ ಕಾಯಿಲೆಗಳ ಸಂಶೋಧನೆ ಮಾಡುತ್ತಿದ್ದವರು — ಹೇಳಿದ್ದು ನಿನಗೂ ನೆನಪಿರಬೇಕು. ಹುಟ್ಟಿನಿಂದಲೇ ಸಿಹಿ ಒಗ್ಗದ ಕಾಯಿಲೆ ಇರಬಹುದು, ಅದಕ್ಕೆ ಇಲ್ಲಿ ಪರೀಕ್ಷೆಯಿಲ್ಲ, ಸಿಹಿಯೆಲ್ಲ ನಿಲ್ಲಿಸಿ ನೋಡುವುದೊಂದೇ ದಾರಿ, ಕೂಸು ಚೇತರಿಸಿದರೆ ಅದೇ ಎಂದು ತಿಳಿಯುತ್ತದೆ ಎಂದರು. ನೀನು ಹಣ್ಣು, ಸಕ್ಕರೆ, ಬೆಲ್ಲ ಎಲ್ಲ ನಿಲ್ಲಿಸಿದೆ. ನಾನು ಬಜೆ ನಿಲ್ಲಿಸಲಿಲ್ಲ. ಅದು ಮದ್ದಲ್ಲವಾ, ತಿನ್ನುವುದಲ್ಲವಲ್ಲ — ನನ್ನ ತಲೆಗೆ ಹೊಳೆಯಲೇ ಇಲ್ಲ.

ಮತ್ತೆ ಹೋದಾಗ ಕೂಸು ಹಾಗೇ ಇತ್ತು. ಡಾಕ್ಟರ್ ನನ್ನ ಕಡೆ ತಿರುಗಿದರು.

'ಜೇನುತುಪ್ಪ? ಒಂದು ತೊಟ್ಟಾದರೂ?'

ಆಗ ಹೊಳೆಯಿತು. ನಿನ್ನ ಅತ್ತೆ ಪಕ್ಕದಲ್ಲೇ ಕೂತಿದ್ದರು, ನೀನು ನನ್ನ ಮುಖವನ್ನೇ ನೋಡುತ್ತಿದ್ದೆ — 'ಇಲ್ಲ' ಎಂದೆ.

'ಹಾಗಾದರೆ ಇದು ಆ ಕಾಯಿಲೆ ಅಲ್ಲ' ಎಂದು ಅವರು ಬೇರೆ ಔಷಧಿ ಬರೆದರು. ಅವತ್ತಿನಿಂದ ನಾನು ಜೇನು ಮುಟ್ಟಲಿಲ್ಲ. ಆದರೆ ಪಥ್ಯ ಬೇಕಿಲ್ಲವೆಂದು ನೀನು ಮತ್ತೆ ಗಂಜಿಗೆ ಸಕ್ಕರೆ ಹಾಕಿದೆ, ನಾನು ನೋಡುತ್ತಾ ನಿಂತೆ. ಡಾಕ್ಟರಿಗೆ ಹೇಳಿಬಿಡೋಣವೆಂದು ಎಸ್‌ಟಿಡಿ ಬೂತಿನ ತನಕ ಹೋಗಿ ವಾಪಸ್ ಬಂದೆ. ಮಳೆಗಾಲ ಹಿಡಿಯುವ ಮುಂಚೆ ಕೂಸು ಹೋಯಿತು.

ಅದೇ ಕಾಯಿಲೆ ಆಗಿತ್ತೆಂದು ನಾನು ಹೇಳಲಾರೆ. ಅಲ್ಲ ಎಂದು ಅವರು ತೀರ್ಮಾನಿಸಿದ್ದು ನನ್ನ ಮಾತು ನಂಬಿ.

ಈಗಲೂ ಬಚ್ಚಲಿಗೆ ಹೋದಾಗ, ಕಾಲು ನೀಡಿ ಕೂತು ಕೂಸನ್ನು ಇನ್ನೊಂದೇ ಒಂದು ಸಲ ಮೀಯಿಸಬೇಕು ಅನ್ನಿಸುತ್ತದೆ. ಎಣ್ಣೆ ಹಚ್ಚಿದ ಆ ಪುಟ್ಟ ಬೆನ್ನು... ಅದು ಮೂತಿ ತಿರುಗಿಸಿದರೆ ಬಿಟ್ಟುಬಿಡುತ್ತೇನೆ ಮಾರಾಯ್ತಿ, ಬಿಟ್ಟುಬಿಡುತ್ತೇನೆ —

ಮೊನ್ನೆ ನರಸಿಂಹರಾಜಪುರದಲ್ಲಿ ನಿನ್ನ ನಾದಿನಿಯ ಮಗುವನ್ನು ತೊಟ್ಟಿಲಿಗೆ ಹಾಕುವಾಗ ನೀನು ಎತ್ತಿಕೊಳ್ಳದೆ ಹಿಂದೆ ಸರಿದೆ. 'ನನ್ನ ಹಾಲೇ ಕೂಸಿಗೆ ಆಗಿಬರಲಿಲ್ಲ ಅಕ್ಕ, ಇನ್ನೊಂದು ಬೇಡ' ಎಂದೆ. ಹಾಗೆ ಹೇಳುತ್ತಲೇ ನೀನು ಆ ತೊಟ್ಟಿಲನ್ನೇ ನೋಡುತ್ತಿದ್ದೆ. ನಾನು ಅಲ್ಲೂ ಬಾಯಿ ಬಿಡಲಿಲ್ಲ.

ನಿನ್ನ ಹಾಲು ನಿಲ್ಲಿಸಿ ಎಂದು ಡಾಕ್ಟರ್ ಯಾವತ್ತೂ ಹೇಳಿರಲಿಲ್ಲ, ಶೈಲಾ. ಬೇರೆಲ್ಲ ಬಿಡಿ, ಅದನ್ನು ಕೊಡಿ ಎಂದಿದ್ದರು. ನಿನ್ನೆ ಅವರನ್ನು ಹುಡುಕಿ ಫೋನಿನಲ್ಲಿ ಎಲ್ಲ ಹೇಳಿದೆ. ಇನ್ನೊಂದು ಮಗುವಾದರೆ ಮೊದಲ ದಿನದಿಂದಲೇ ನೋಡಿಕೊಳ್ಳಬಹುದು, ಗಂಡ ಹೆಂಡತಿ ಇಬ್ಬರೂ ಬರಲಿ ಎಂದರು. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ನೋಡಬೇಡ. ಅವರ ಹತ್ತಿರ ಮಾತ್ರ ಹೋಗು.