ಅಪ್ಪ ಕುರ್ಚಿ ಎತ್ತಿಕೊಂಡು ಹೊರಗೆ ಬಂದದ್ದು

ಎದುರಾಳಿ ಕೇಳಿದ ಪ್ರಶ್ನೆ ಬಿಟ್ಟು ನಮಗೆ ಬೇಕಾದ ಪ್ರಶ್ನೆಗೆ ಉತ್ತರ ಕೊಡಬೇಕು. ಚರ್ಚಾಸ್ಪರ್ಧೆಯ ಈ ಉಪಾಯ ಹೇಳಿಕೊಟ್ಟವನು ಅಪ್ಪ, ದೇವದುರ್ಗದ ಪ್ರಾಥಮಿಕ ಶಾಲೆಯ ಮಾಸ್ತರ. ಮಾನ್ವಿಯಲ್ಲಿ ಜಾತಿಪದ್ಧತಿಯ ಮೇಲೆ ಮಾತಾಡಿ ನಾನು ಮೊದಲ ಬಹುಮಾನ ಗೆದ್ದ ದಿನ ಅವನು ಕೊನೆಯ ಸಾಲಿನಲ್ಲಿ ಕೂತಿದ್ದ. ವಾಪಸ್ ಬರುವಾಗ ಬಸ್ಸಿನಲ್ಲಿ ಬಹುಮಾನದ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು, "ಇನ್ನ ನಿನ್ನ ಬಾಯಿ ಮುಚ್ಚಸಾಕ ಯಾರ ಕೈಲೂ ಆಗಂಗಿಲ್ಲ ಬೇ" ಅಂದಿದ್ದ.

ರಾಯಚೂರಿನಲ್ಲಿ ಡಿಗ್ರಿ ಮುಗಿಸಿ, ಆರು ತಿಂಗಳು ನೇಪಾಳದ ಒಂದು ಗುಡ್ಡದ ಹಳ್ಳಿಗೆ ಮಕ್ಕಳಿಗೆ ಗಣಿತ ಹೇಳಿಕೊಡಲು ಸ್ವಯಂಸೇವಕಿಯಾಗಿ ಹೋದೆ. "ಯಾಕವ್ವಾ, ಲೆಕ್ಕ ಬರದ ಹುಡುಗ್ರು ದೇವದುರ್ಗದಾಗ ಇಲ್ಲೇನು?" ಎಂದು ಅಪ್ಪ ಕೆಣಕಿದ. ಅದಕ್ಕೂ ನನ್ನ ಹತ್ತಿರ ಮೂರು ವಾದಗಳಿದ್ದವು.

ಇಳಿದುಕೊಂಡ ಮನೆಯ ಯಜಮಾನಿಯನ್ನು ಎಲ್ಲರಂತೆ ನಾನೂ ಆಮಾ ಎಂದೆ. ತಾಯಿಯನ್ನು ಅಲ್ಲಿ ಹಾಗೇ ಕರೆಯುತ್ತಾರೆ. ಕೆಲವು ವರ್ಷ ದಿಲ್ಲಿಯಲ್ಲಿದ್ದು ಬಂದವಳು. ಅವಳ ಹಿಂದಿಗೂ ನನ್ನ ರಾಯಚೂರು ಹಿಂದಿಗೂ ಹೇಗೋ ಹೊಂದಿಕೆಯಾಯಿತು. ಹಣೆಗೆ ಪಟ್ಟಿ ಕೊಟ್ಟು ಬೆನ್ನ ಮೇಲೆ ಬುಟ್ಟಿ ಹೊರುವುದನ್ನು ಕಲಿಸಿದಳು. ಅವಳು ತಿರುವುತ್ತಿದ್ದ ಮುದ್ದೆ ನಮ್ಮ ಜೋಳದ ಸಂಗಟಿಯ ತಂಗಿಯಂತಿತ್ತು. ಚಳಿಗೆ ನನ್ನ ಹಿಮ್ಮಡಿ ಒಡೆದಾಗ ಸಾಸಿವೆ ಎಣ್ಣೆ ಬಿಸಿ ಮಾಡಿ ತಾನೇ ತಿಕ್ಕಿದಳು.

ಮೊದಲ ವಾರವೇ ಕೇಳಿದ್ದಳು, "ನೀವು ಯಾವ ಜಾತಿಯವರು ಮಗಳೇ?"

"ನಮ್ಮಪ್ಪ ಮೇಷ್ಟ್ರು" ಎಂದೆ.

ಮೇಲ್ಜಾತಿಯವರೇ ಇರಬೇಕೆಂದುಕೊಂಡು ಖುಷಿಯಿಂದ ಒಲೆಯ ಪಕ್ಕ ನನಗೆ ಚಾಪೆ ಹಾಸಿದಳು. ಅಲ್ಲಿ ದರ್ಜಿಗಳನ್ನೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ; ಕೆಳಗಿನ ಕೇರಿಯ ದರ್ಜಿ ಅವಳ ಬಟ್ಟೆ ಹೊಲಿದು ತಂದಾಗ ಅಂಗಳದಲ್ಲೇ ಚಹಾ ಕುಡಿದು, ಲೋಟ ತಾನೇ ತೊಳೆದು ಬೋರಲಿಟ್ಟು ಹೋಗುತ್ತಿದ್ದ. ನಾನು ಒಳಗಿನಿಂದ ನೋಡುತ್ತಿದ್ದೆ. ನಾವು ದಲಿತರು ಎಂದುಬಿಟ್ಟರೆ ನನ್ನ ಲೋಟವೂ ಅಲ್ಲಿಗೇ ಹೋಗುತ್ತಿತ್ತು. ಹೇಳಲಿಲ್ಲ. ಆ ಚಾಪೆ ಬಿಡಲಾಗಲಿಲ್ಲ ನನಗೆ.

ಅಪ್ಪ ಸಂಜೆ ವಿಡಿಯೋ ಕಾಲ್ ಮಾಡುವಾಗ ಯಾವಾಗಲೂ ಒಂದೇ ಜಾಗದಲ್ಲಿ ಕೂರುತ್ತಿದ್ದ, ಸಂವಿಧಾನ ಹಿಡಿದು ನಿಂತ ನೀಲಿ ಕೋಟಿನ ದೊಡ್ಡ ಚಿತ್ರದ ಕೆಳಗೆ. ನಮ್ಮ ಕೇರಿಯ ಪ್ರತಿ ಮನೆಯಲ್ಲೂ ಇರುವ ಚಿತ್ರ ಅದು. ಒಂದು ಸಂಜೆ ಆಮಾ, "ನಿನ್ನಪ್ಪನನ್ನು ತೋರಿಸು" ಎಂದು ಕೈ ಒರೆಸಿಕೊಳ್ಳುತ್ತ ಎದ್ದಳು. ಚಿತ್ರ ಯಾರದು ಎಂದು ಕೇಳಿಯೇ ಕೇಳುತ್ತಾಳೆ ಅನಿಸಿತು.

"ಯಪ್ಪಾ, ಅಲ್ಲಿ ಬ್ಯಾಡ, ಹೊರಗ ಬಂದು ಕುಂದ್ರು. ಬೆಳಕ ಕಮ್ಮಿ ಅದ."

"ಏನ್ ಕಮ್ಮಿ? ಮೊನ್ನೀನ ಹೊಸ ಟ್ಯೂಬ್‌ಲೈಟ್ ಹಾಕಿಸೀನಿ. ನಿನ್ನ ಕಣ್ಣ ತೋರಿಸ್ಕೋ ಹೋಗು!"

"ಯಪ್ಪಾ. ಹೊರಗ ಬಾ."

ಅಪ್ಪ ನಗುತ್ತಿದ್ದವನು ನಿಲ್ಲಿಸಿದ. ಕತ್ತು ತಿರುಗಿಸಿ ಗೋಡೆಯನ್ನು ನೋಡಿದ. ಆಮೇಲೆ ನನ್ನನ್ನು.

"ಹೌದವ್ವಾ," ಎಂದ. "ಬೆಳಕ ಕಮ್ಮೀನ ಅದ."

ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬೇವಿನ ಮರದ ಕೆಳಗೆ ಬಂದು ಕೂತ. ಆಮಾಗೆ ಕೈ ಮುಗಿದ. "ಎಂಥ ಒಳ್ಳೆಯ ಮುಖ!" ಎಂದಳು ಆಮಾ.

ಅದು ಸುಳ್ಳಲ್ಲ, ಬರೀ ಮೌನ. ಆರು ತಿಂಗಳ ಮಾತಷ್ಟೆ. ಮಕ್ಕಳ ಪಾಠ ನಿಂತರೆ ಯಾರಿಗೆ ಲಾಭ? ಎಷ್ಟೊಂದು ವಾದ ಸಿದ್ಧ ಮಾಡಿಟ್ಟಿದ್ದೆ. ಅಪ್ಪ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಮಾಗೂ ಕೊನೆಯವರೆಗೆ ನಿಜ ಹೇಳಲಿಲ್ಲ. ಹೊರಡುವ ದಿನ ಅವಳು ತಬ್ಬಿಕೊಂಡು ಅತ್ತಳು. ಅವಳು ತಬ್ಬಿಕೊಂಡದ್ದು ಯಾರನ್ನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಊರಿಗೆ ಬಂದು ಊಟಕ್ಕೆ ಕೂತಾಗ, "ಯಪ್ಪಾ, ಅವತ್ತ ಫೋನಿನ್ಯಾಗ..." ಎಂದು ಶುರು ಮಾಡಿದೆ.

"ಯಾವತ್ತ?" ಎಂದ, ನನ್ನ ಪ್ರತಿ ಭಾಷಣದ ಪ್ರತಿ ಸಾಲು ನೆನಪಿಟ್ಟವನು. "ರೊಟ್ಟಿ ಆರಾಕತ್ತಾವ, ಉಣ್ಣು."

ಈಗ ನಾನು ರಾಯಚೂರಿನಲ್ಲಿ ಕೆಲಸದಲ್ಲಿದ್ದೇನೆ. ಸಂಜೆ ವಿಡಿಯೋ ಕಾಲ್ ಮಾಡಿದರೆ ಮೊದಲು ಅಲುಗಾಡುವ ಚಾವಣಿ ಕಾಣುತ್ತದೆ, ಆಮೇಲೆ ಬಾಗಿಲು, ಆಮೇಲೆ ಬೇವಿನ ಕೊಂಬೆ.

"ಒಳಗ ಕುಂದ್ರು ಯಪ್ಪಾ, ಸೊಳ್ಳಿ ಕಡಿತಾವ."

"ಇರ್ಲಿ ಬಿಡವ್ವಾ. ಇಲ್ಲೇ ಬೆಳಕ ಚಲೋ ಅದ."

ಅಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಅಪ್ಪನ ಮುಖ ನನಗೆ ಸರಿಯಾಗಿ ಕಾಣುವುದೂ ಇಲ್ಲ.